ಮೆದುವಾ, ಮೆದುವಾ

ನಮ್ಮ ಭಾಷೆಯಲ್ಲಿ ಹೆಣ್ಣುಮಕ್ಕಳು ಓಡುವುದಕ್ಕೆ ಒಳ್ಳೆಯ ಅರ್ಥವೇ ಇಲ್ಲ. 'ಓಡಿಹೋದಳು' ಅಂದರೆ ಊರಿಗೆಲ್ಲ ಗೊತ್ತಿರುವುದು ಒಂದೇ ಸಂಗತಿ. ಸಾಗರದಲ್ಲಿರುವ ಅಮ್ಮನಿಗೆ ಫೋನಿನಲ್ಲಿ "ಬೆಳಿಗ್ಗೆ ಹೊತ್ತು ಓಡೋಕೆ ಶುರು ಮಾಡಿದೀನಿ" ಅಂದಾಗ ಅವಳು ಒಂದು ಗಳಿಗೆ ಸುಮ್ಮನಿದ್ದು, "ಯಾಕೆ, ಯಾರಾದ್ರೂ ಅಟ್ಟಿಸ್ಕೊಂಡು ಬರ್ತಿದಾರಾ?" ಎಂದಳು. ಆಮೇಲೆ ದನಿ ತಗ್ಗಿಸಿ, "ಇಲ್ಲಿ ಯಾರಾದ್ರೂ ಕೇಳಿದ್ರೆ ವಾಕಿಂಗ್ ಹೋಗ್ತಾಳೆ ಅಂತೀನಿ, ಆಯ್ತಾ?" ಎಂದಳು. ಮಗಳಿಗೆ ನಲವತ್ತಮೂರು ವರ್ಷ, ಕಾಲೇಜಿಗೆ ಹೋಗುವ ಮಗನಿದ್ದಾನೆ ಅನ್ನುವುದು ಅವಳ ಆತಂಕವನ್ನೇನೂ ಕಡಿಮೆ ಮಾಡಲಿಲ್ಲ.

ಅಟ್ಟಿಸಿಕೊಂಡು ಬರುತ್ತಿದ್ದದ್ದು ನನ್ನದೇ ಎದೆಬಡಿತ. ಅದನ್ನು ಅಮ್ಮನಿಗೆ ಆಗ ಹೇಳಿರಲಿಲ್ಲ.

ಹಿಂದಿನ ವರ್ಷ ಜೂನ್ ತಿಂಗಳಲ್ಲಿ, ಓಎಂಆರ್ ರಸ್ತೆಯ ನಮ್ಮ ಆಫೀಸಿನ ಲಿಫ್ಟಿನಲ್ಲಿ ಮೊದಲ ಸಲ ಹಾಗಾಯಿತು. ಜಗಳವಿಲ್ಲ, ಕೆಟ್ಟ ಸುದ್ದಿಯಿಲ್ಲ, ತಿಂಗಳ ಕೊನೆಯ ಲೆಕ್ಕಪತ್ರದ ಒತ್ತಡ ಕೂಡ ಇರಲಿಲ್ಲ. ಏಳನೆಯ ಮಹಡಿ ದಾಟುವಷ್ಟರಲ್ಲಿ ಎದೆ ಡವಡವ ಹೊಡೆದುಕೊಳ್ಳತೊಡಗಿತು. ಬೆರಳ ತುದಿಗಳು ಜುಮ್ಮೆಂದವು, ಗಂಟಲು ಬಿಗಿಯಿತು, ಇನ್ನು ಎರಡು ನಿಮಿಷದಲ್ಲಿ ಸಾಯುತ್ತೇನೆ ಅನ್ನುವುದು ಖಚಿತವಾಗಿಬಿಟ್ಟಿತು. ಭಯ ಅಲ್ಲ, ಖಚಿತತೆ. ಈ ವ್ಯತ್ಯಾಸ ಅನುಭವಿಸಿದವರಿಗೆ ಗೊತ್ತು. ಆಸ್ಪತ್ರೆಗೆ ಒಯ್ದರು. ಇಸಿಜಿ ಸರಿ, ರಕ್ತಪರೀಕ್ಷೆ ಸರಿ, ಮನೆಗೆ ಹೋಗಿ. ಎರಡು ವಾರದ ನಂತರ ಅಡುಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದಾಗ ಮತ್ತೆ. ಈ ಸಲ ಎಕೋ, ಥೈರಾಯ್ಡ್, ಟ್ರೆಡ್‌ಮಿಲ್ ಪರೀಕ್ಷೆ. ಹೃದ್ರೋಗ ತಜ್ಞರು ವರದಿಗಳನ್ನೆಲ್ಲ ಜೋಡಿಸಿಟ್ಟು, "ನಿಮ್ಮ ಹಾರ್ಟ್ ನನ್ನ ಹಾರ್ಟಿಗಿಂತ ಚೆನ್ನಾಗಿದೆ ಮಾ" ಎಂದರು. ಒಳ್ಳೆಯ ಸುದ್ದಿಯೇ. ಆದರೆ ಹೃದಯ ಚೆನ್ನಾಗಿದ್ದರೆ ಇದೇನು?

ಅವರು ಮನೋವೈದ್ಯರಿಗೆ ಚೀಟಿ ಬರೆದುಕೊಟ್ಟರು. ಅದು ನನ್ನ ಕೈಚೀಲದಲ್ಲಿ ಒಂದೂವರೆ ತಿಂಗಳು ಇತ್ತು. ಚೆನ್ನೈಯಲ್ಲಿ ಯಾರನ್ನಾದರೂ ಗೇಲಿ ಮಾಡಬೇಕಿದ್ದರೆ 'ಕೀಳ್ಪಾಕ್' ಅನ್ನುತ್ತಾರೆ, ಬೆಂಗಳೂರಿನವರು ನಿಮ್ಹಾನ್ಸ್ ಅಂದ ಹಾಗೆ, ಹುಬ್ಬಳ್ಳಿ ಕಡೆಯವರು ಧಾರವಾಡ ಅಂದ ಹಾಗೆ. ಕೀಳ್ಪಾಕ್‌ನ ಮಾನಸಿಕ ಆರೋಗ್ಯ ಸಂಸ್ಥೆಯ ಚರಿತ್ರೆ 1794ಕ್ಕೆ ಹೋಗುತ್ತದೆ. ಇನ್ನೂರಕ್ಕೂ ಹೆಚ್ಚು ವರ್ಷ ಈ ಊರಿನ ನೊಂದವರನ್ನು ನೋಡಿಕೊಂಡ ಆಸ್ಪತ್ರೆಗೆ ಸಿನಿಮಾದವರು ಕೊಟ್ಟ ಮರ್ಯಾದೆ ಅದು. ನಾನೂ ಆ ಜೋಕುಗಳಿಗೆ ನಕ್ಕವಳೇ, ಎಲ್ಲರ ಹಾಗೆ. ಅಷ್ಟರಲ್ಲಿ ನಾನು ಲಿಫ್ಟ್ ಬಿಟ್ಟಿದ್ದೆ, ಒಬ್ಬಳೇ ಸ್ಕೂಟರಿನಲ್ಲಿ ಹೋಗುವುದನ್ನು ಬಿಟ್ಟಿದ್ದೆ, ಕಾಫಿ ಬಿಟ್ಟಿದ್ದೆ, ರೈಲು ಬಿಟ್ಟಿದ್ದೆ. ದೀಪಾವಳಿಗೆ ಊರಿಗೆ ಹೋಗಲಿಲ್ಲ. ಅಮ್ಮನಿಗೆ ಆಫೀಸಿನಲ್ಲಿ ರಜೆ ಇಲ್ಲ ಎಂದೆ. ಕೊನೆಗೆ ನನ್ನ ಗಂಡನೇ ಆ ಚೀಟಿ ಹುಡುಕಿ ತೆಗೆದು, ನಂಬರಿಗೆ ಫೋನ್ ಮಾಡಿ, ಸಮಯ ಗೊತ್ತುಮಾಡಿದರು.

ವೈದ್ಯೆ ಹೇಳಿದ್ದು ಇಷ್ಟು: ಇದು ಪ್ಯಾನಿಕ್ ಡಿಸಾರ್ಡರ್. ಹುಲಿ ಎದುರಾದಾಗ ದೇಹ ಅಡ್ರಿನಲಿನ್ ಸುರಿಸುತ್ತದಲ್ಲ, ಅದೇ ವ್ಯವಸ್ಥೆ ಹುಲಿಯಿಲ್ಲದೆ ಚಾಲೂ ಆಗುತ್ತದೆ. ಎದೆ ಓಡುತ್ತದೆ, ಉಸಿರು ಜೋರಾಗುತ್ತದೆ. ಜೋರು ಉಸಿರಾಟದಿಂದ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ಬೆರಳು ಜುಮ್ಮೆನ್ನುತ್ತದೆ, ತಲೆ ಹಗುರಾಗುತ್ತದೆ. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುತ್ತತುದಿಗೆ ಹೋಗಿ ಇಳಿಯತೊಡಗುತ್ತದೆ. ಸಮಸ್ಯೆ ಆ ಹತ್ತು ನಿಮಿಷದ್ದಲ್ಲ, ಮತ್ತೆ ಬಂದೀತೆಂದು ಕಾಯುತ್ತ ಕಳೆಯುವ ಉಳಿದ ಇಪ್ಪತ್ಮೂರು ಗಂಟೆ ಐವತ್ತು ನಿಮಿಷದ್ದು. ಒಂದು ಮಾತ್ರೆ ಕೊಟ್ಟರು, ಜೊತೆಗೆ ವಾರಕ್ಕೊಮ್ಮೆ ಆಪ್ತ ಸಮಾಲೋಚಕಿಯ ಹತ್ತಿರ ಕಳಿಸಿದರು.

ಸಮಾಲೋಚಕಿಯ ಮದ್ದು ವಿಚಿತ್ರವಾಗಿತ್ತು. ಎದೆ ಓಡುವುದಕ್ಕೆ ಹೆದರುತ್ತೀರಲ್ಲ, ಹಾಗಾದರೆ ಬೇಕೆಂದೇ ಎದೆ ಓಡಿಸೋಣ. ತಿರುಗುವ ಕುರ್ಚಿಯಲ್ಲಿ ಕೂರಿಸಿ ತಿರುಗಿಸಿದರು. ಮೂಗು ಹಿಡಿದು, ಎಳನೀರಿನ ಕೊಳವೆಯಂಥ ಸಣ್ಣ ಕೊಳವೆಯಲ್ಲಿ ಉಸಿರಾಡಿಸಿದರು. ಎರಡು ಮಹಡಿ ಮೆಟ್ಟಿಲು ಹತ್ತಿಸಿದರು. ಪ್ರತಿ ಸಲವೂ ಭಯಕ್ಕೆ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕ ಹೇಳಬೇಕು. ನಾಡಿ ಹಿಡಿದು ನೋಡುವ ಹಾಗಿಲ್ಲ. ಅಂಕ ಇಳಿಯುವವರೆಗೆ ಅಲ್ಲಿಂದ ಓಡಿಹೋಗುವ ಹಾಗಿಲ್ಲ. ಪ್ಯಾನಿಕ್‌ಗೆ ಇದು ಪರೀಕ್ಷಿತ ಚಿಕಿತ್ಸೆ, ಅವರ ಕಲ್ಪನೆಯೇನಲ್ಲ. ಆರನೆಯ ವಾರ "ಓಡೋಕೆ ಶುರು ಮಾಡ್ತೀರಾ?" ಎಂದರು. ಹೃದ್ರೋಗ ತಜ್ಞರನ್ನೂ ಕೇಳಿ ಒಪ್ಪಿಗೆ ತರಿಸಿಕೊಂಡರು. ಎದೆನೋವು, ಡವಡವ ಅಂತ ಇರುವವರು ಈ ಹೆಜ್ಜೆಯನ್ನು ಮಾತ್ರ ಬಿಡಬೇಡಿ. ನನ್ನ ಪರೀಕ್ಷೆಗಳೆಲ್ಲ ಮೊದಲೇ ಮುಗಿದಿದ್ದವು.

ಓಟ ಕಲಿಯಲು ಹಿಡಿದದ್ದು ಎಲ್ಲರಿಗೂ ಗೊತ್ತಿರುವ ಒಂಬತ್ತು ವಾರದ ಪಟ್ಟಿ, 'ಕೌಚ್ ಟು 5ಕೆ'. 1996ರಲ್ಲಿ ಜೋಶ್ ಕ್ಲಾರ್ಕ್ ಎಂಬ ಅಮೆರಿಕದ ಹುಡುಗ ಐವತ್ತು ದಾಟಿದ ತನ್ನ ತಾಯಿಗಾಗಿ ಮಾಡಿದ್ದಂತೆ. ಅಮ್ಮನಿಗಾಗಿ ಮಾಡಿದ್ದು ಅನ್ನುವುದೇ ನನಗೆ ಧೈರ್ಯ ಕೊಟ್ಟಿತು. ವಾರಕ್ಕೆ ಮೂರು ದಿನ. ಮೊದಲ ವಾರ 60 ಸೆಕೆಂಡ್ ಓಟ, 90 ಸೆಕೆಂಡ್ ನಡಿಗೆ, ಹೀಗೆ ಇಪ್ಪತ್ತು ನಿಮಿಷ.

ಅರವತ್ತು ಸೆಕೆಂಡ್ ಏನು ಮಹಾ, ಅಂದುಕೊಳ್ಳುತ್ತೀರಿ. ನಾನೂ ಹಾಗೇ ಅಂದುಕೊಂಡು ಫೆಬ್ರವರಿಯ ಒಂದು ಮುಂಜಾನೆ ಐದೂಕಾಲಿಗೆ ಬೆಸೆಂಟ್ ನಗರದ ಎಲಿಯಟ್ಸ್ ಬೀಚಿಗೆ ಹೋದೆ. ಅಲ್ಲಿ ಮರಳಿನ ಅಂಚಿಗೆ ಬಿಳಿಯ ಕಮಾನಿನ ಒಂದು ಸ್ಮಾರಕವಿದೆ. ಮುಳುಗುತ್ತಿದ್ದವರನ್ನು ಉಳಿಸಲು ಹೋಗಿ 1930ರಲ್ಲಿ ಸಮುದ್ರದ ಪಾಲಾದ ಷ್ಮಿಟ್ ಎಂಬ ಡೆನ್ಮಾರ್ಕಿನ ನಾವಿಕನದ್ದು. ಅದರ ಹತ್ತಿರದಿಂದ ಹೊರಟೆ. ಚೂಡಿದಾರ್, ದುಪಟ್ಟಾವನ್ನು ಅಡ್ಡಲಾಗಿ ಬಿಗಿದು ಕಟ್ಟಿದ್ದೆ, ಕಾಲಲ್ಲಿ ಮಗನ ಹಳೆಯ ಶೂ. ನಲವತ್ತನೆಯ ಸೆಕೆಂಡಿಗೆ ಅದೇ ಎದೆ, ಅದೇ ಗಂಟಲು. ಲಿಫ್ಟಿನಲ್ಲಿ ಆದದ್ದಕ್ಕೂ ಇದಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ಅಂಕ ಒಂಬತ್ತು. ಕಟ್ಟೆಯ ಮೇಲೆ ಕೂತೆ. ಪಕ್ಕದಲ್ಲಿ ನಗೆಕೂಟದ ಹಿರಿಯರು ಕೈ ಮೇಲೆತ್ತಿ ಹಾಹಾಹಾ ಎಂದು ನಗುತ್ತಿದ್ದರು. ನನ್ನನ್ನು ನೋಡಿ ನಗುತ್ತಿಲ್ಲ ಅಂತ ಗೊತ್ತಿದ್ದರೂ, ಏನು ಹೇಳಲಿ.

ತೊಂಬತ್ತು ಸೆಕೆಂಡ್ ಕಳೆಯಿತು. ಸತ್ತಿರಲಿಲ್ಲ. ಎದ್ದು ಮತ್ತೆ ಅರವತ್ತು ಸೆಕೆಂಡ್. ಆ ದಿನ ಎಂಟರಲ್ಲಿ ಐದು ಮುಗಿಸಿದೆ. ಪಟ್ಟಿಯ ಮೊದಲ ವಾರ ನನಗೆ ಮೂರು ವಾರ ಹಿಡಿಯಿತು.

ಚೆನ್ನೈಯ ಹವೆಯ ಬಗ್ಗೆ ಎರಡು ಮಾತು ಹೇಳಲೇಬೇಕು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ, ಮೇ ತಿಂಗಳಲ್ಲೂ ಬೆಳಗಿನ ಜಾವ ಗಾಳಿ ತಣ್ಣಗಿರುತ್ತದೆ. ಇಲ್ಲಿ ಆಗ ಐದು ಗಂಟೆಗೇ 28–29 ಡಿಗ್ರಿ, ತೇವಾಂಶ ಶೇಕಡಾ 80ರ ಆಸುಪಾಸು. ಬೆವರು ಸುರಿಯುವುದರಿಂದ ಮೈ ತಣ್ಣಗಾಗುವುದಿಲ್ಲ, ಬೆವರು ಆವಿಯಾಗಬೇಕು. ಗಾಳಿಯಲ್ಲೇ ನೀರು ತುಂಬಿದ್ದರೆ ಆವಿಯಾಗುವುದೆಲ್ಲಿ? ಸುಮ್ಮನೆ ಮೊಣಕೈಯಿಂದ ತೊಟ್ಟಿಕ್ಕುತ್ತದೆ. ಮೈ ತಣಿಸಲು ಹೃದಯ ಚರ್ಮದ ಕಡೆಗೆ ಹೆಚ್ಚು ರಕ್ತ ಕಳಿಸಬೇಕು, ಆದ್ದರಿಂದ ಅದೇ ವೇಗಕ್ಕೆ ಇಲ್ಲಿ ಎದೆ ಹೆಚ್ಚು ಬಡಿಯುತ್ತದೆ. ಕಬ್ಬನ್ ಪಾರ್ಕಿನಲ್ಲಿ ಹಾಯಾಗಿ ಓಡುವ ನನ್ನ ತಮ್ಮ ಇಲ್ಲಿಗೆ ಬಂದಾಗ ಎರಡನೆಯ ಕಿಲೋಮೀಟರಿಗೆ ಸೊಂಟದ ಮೇಲೆ ಕೈಯಿಟ್ಟು ನಿಂತ. "ಅಕ್ಕಾ, ಇದು ಓಟ ಅಲ್ಲ, ಹಬೆಯಲ್ಲಿ ಬೇಯೋದು" ಎಂದ. ಎದೆಬಡಿತಕ್ಕೆ ಹೆದರುವವಳಿಗೆ ಇದಕ್ಕಿಂತ ಕೆಟ್ಟ ಊರು ಬೇಕೆ? ಅಥವಾ ಇದಕ್ಕಿಂತ ಒಳ್ಳೆಯ ಊರು. ಇಲ್ಲಿ ನಿಧಾನಕ್ಕೆ ಓಡದೆ ಯಾರಿಗೂ ಗತಿಯಿಲ್ಲ.

ನಿಧಾನ ಕಲಿಸಿದವರು ನಮ್ಮ ತಿರುವಾನ್ಮಿಯೂರಿನ ಒಂದು ಸಣ್ಣ ಗುಂಪಿನವರು. ಚೆನ್ನೈ ರನ್ನರ್ಸ್‌ನಂಥ ದೊಡ್ಡ ಬಳಗ 2006ರಿಂದ ಇದೆ. ನಮ್ಮದು ಅಂಥದ್ದಲ್ಲ, ಹತ್ತು ಹನ್ನೆರಡು ಜನ, ವಾಟ್ಸ್ಆ್ಯಪ್ ಗುಂಪು, ಓಟ ಮುಗಿದ ಮೇಲೆ ಫಿಲ್ಟರ್ ಕಾಫಿ. ಅವರಲ್ಲಿ ಹಿರಿಯರು ನಿವೃತ್ತ ಬ್ಯಾಂಕ್ ನೌಕರರೊಬ್ಬರು. ಎಲ್ಲರಿಗೂ 'ಅಣ್ಣ'. ನಾನು ಓಡುವುದನ್ನು ಹಿಂದಿನಿಂದ ನೋಡಿ ಅವರು ಕೂಗುತ್ತಿದ್ದದ್ದು ಒಂದೇ ಮಾತು: "ಮೆದುವಾ ಮಾ, ಮೆದುವಾ." ತಮಿಳಿನಲ್ಲಿ ನಿಧಾನವಾಗಿ ಎಂದರ್ಥ. ಕನ್ನಡದ ಕಿವಿಗೆ ಅದು 'ಮೆದುವಾಗಿ' ಎಂದು ಕೇಳಿಸುತ್ತದೆ, ಇಡ್ಲಿಗೆ ಹೇಳುವ ಹಾಗೆ. ಹದಿನೆಂಟು ವರ್ಷದಿಂದ ಈ ಊರಿನಲ್ಲಿದ್ದೇನೆ, ಆಟೋದವರಿಗೆ, ಮನೆಗೆಲಸದವರಿಗೆ ದಿನವೂ ಈ ಪದ ಬಳಸಿದ್ದೇನೆ, ಅದರೊಳಗೆ ನಮ್ಮ ಮೆದು ಇರುವುದು ಹೊಳೆದದ್ದು ಏದುಸಿರು ಬಿಡುವಾಗ.

ಅಣ್ಣನ ಇನ್ನೊಂದು ನಿಯಮ, ಮಾತಾಡುತ್ತ ಓಡಲು ಆಗಬೇಕು, ಆಗದಿದ್ದರೆ ವೇಗ ಜಾಸ್ತಿಯಾಯಿತು ಅಂತ. ನನ್ನ ಜೊತೆ ಆ ನಡಿಗೆಯಂಥ ವೇಗದಲ್ಲಿ ಓಡುವವರು ಯಾರೂ ಇಲ್ಲದ್ದರಿಂದ ನಾನು ಮಗ್ಗಿ ಹೇಳತೊಡಗಿದೆ. ಹದಿಮೂರರ ಮಗ್ಗಿ, ಸಾಗರದ ಸರ್ಕಾರಿ ಶಾಲೆಯಲ್ಲಿ ಬಾಯಿಪಾಠ ಮಾಡಿಸಿದ್ದು. ಹದಿಮೂರೇಳ್ಲೆ ತೊಂಬತ್ತೊಂದು, ಹದಿಮೂರೆಂಟ್ಲೆ ನೂರಾನಾಲ್ಕು. ಉಸಿರು ತುಂಡಾಗದೆ ಹತ್ತರವರೆಗೆ ಹೋದರೆ ವೇಗ ಸರಿಯಿದೆ. ಪಕ್ಕದಲ್ಲಿ ಹಾದುಹೋದ ಮಾಮಿಯೊಬ್ಬರು ಇದು ಯಾವ ಸ್ತೋತ್ರ ಎಂದು ಕೇಳಿದರು.

ಕಾಲಿನ ಕಥೆ ಬೇರೆ. ಹೃದಯ, ಶ್ವಾಸಕೋಶ ಕೆಲವೇ ವಾರದಲ್ಲಿ ಹೊಸ ಕೆಲಸಕ್ಕೆ ಒಗ್ಗುತ್ತವೆ, ಎಲುಬು ಮತ್ತು ಸ್ನಾಯುರಜ್ಜುಗಳಿಗೆ ತಿಂಗಳುಗಳೇ ಬೇಕು. ನಾಲ್ಕನೆಯ ವಾರದ ಪಟ್ಟಿಗೆ ಬರುವಷ್ಟರಲ್ಲಿ ಮೊಣಕಾಲಿನ ಕೆಳಗೆ, ಮುಂಗಾಲಿನ ಎಲುಬಿನುದ್ದಕ್ಕೆ ನೋವು. ಶಿನ್ ಸ್ಪ್ಲಿಂಟ್ ಅನ್ನುತ್ತಾರೆ. ಫಿಸಿಯೋಥೆರಪಿಯವರು ಎರಡು ವಾರ ಓಟ ನಿಲ್ಲಿಸಿ, ಗೋಡೆ ಹಿಡಿದು ತುದಿಗಾಲಿನಲ್ಲಿ ನಿಂತು ಇಳಿಯುವ ವ್ಯಾಯಾಮ ಕೊಟ್ಟರು, ಹೆಜ್ಜೆ ಚಿಕ್ಕದು ಮಾಡಲು ಹೇಳಿದರು. ಒಳ್ಳೆಯ ಶೂ, ಒಳ್ಳೆಯ ಸ್ಪೋರ್ಟ್ಸ್ ಬ್ರಾ ಕೊಂಡೆ. ಎರಡನೆಯದರ ಬಗ್ಗೆ ಯಾವ ಗಂಡಸೂ ಲೇಖನದಲ್ಲಿ ಬರೆಯುವುದಿಲ್ಲ, ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಶೂಗಿಂತ ಮೊದಲು ಅದನ್ನು ಕೊಳ್ಳಿ. ಉಪ್ಪು ಹಾಕಿದ ನೀರುಮಜ್ಜಿಗೆ ಬಾಟಲಿಯಲ್ಲಿ ಒಯ್ಯುವುದು ಅಣ್ಣನಿಂದ ಬಂದ ಅಭ್ಯಾಸ. ಇಲ್ಲಿಯ ಬೆವರಿಗೆ ಬರಿಯ ನೀರು ಸಾಲುವುದಿಲ್ಲ.

ಕಾಲು ನೋವೆಂದು ಗೊಣಗುವವರಿಗೆಲ್ಲ ಗುಂಪಿನಲ್ಲಿ ಹೇಳುವ ಹೆಸರು ಮಾ. ಸುಬ್ರಮಣಿಯನ್ ಅವರದು. 2006ರಿಂದ 2011ರವರೆಗೆ ಚೆನ್ನೈ ಮೇಯರ್, 2021ರಲ್ಲಿ ತಮಿಳುನಾಡಿನ ಆರೋಗ್ಯ ಸಚಿವರಾದವರು. 2004ರ ರಸ್ತೆ ಅಪಘಾತದಲ್ಲಿ ಮೊಣಕಾಲಿಗೆ ಬಲವಾದ ಪೆಟ್ಟಾಗಿ, ಆಮೇಲೆ ನಡುವಯಸ್ಸಿನಲ್ಲಿ ಓಟ ಹಿಡಿದು, ನೂರಕ್ಕೂ ಹೆಚ್ಚು ಅರ್ಧ ಮ್ಯಾರಥಾನ್ ಓಡಿದ್ದಾರೆ. ರಾಜಕೀಯ ಪಕ್ಕಕ್ಕಿರಲಿ, ಅರವತ್ತು ದಾಟಿದ ರಾಜಕಾರಣಿಯೊಬ್ಬರು ಬೆಳಿಗ್ಗೆ ಬೆವರಿಳಿಸುತ್ತ ಓಡುವುದು ನನಗೆ ಇಷ್ಟ. ಆದರೆ ಅವರ ಮೊಣಕಾಲು ನನ್ನ ಕಷ್ಟಕ್ಕೆ ಉತ್ತರವಾಗಿರಲಿಲ್ಲ. ಮೊಣಕಾಲು ಎಕ್ಸ್‌ರೇಯಲ್ಲಿ ಕಾಣುತ್ತದೆ.

ನನ್ನ ಕಷ್ಟಕ್ಕೆ ದಿನ ಗೊತ್ತಾಗಿತ್ತು. ಆ ಪಟ್ಟಿ ಹಿಡಿದವರೆಲ್ಲ ಹೆದರುವುದು ಐದನೆಯ ವಾರದ ಮೂರನೆಯ ದಿನಕ್ಕೆ. ಅಲ್ಲಿಯವರೆಗೆ ನಡುನಡುವೆ ನಡಿಗೆ ಇರುತ್ತದೆ, ಆ ದಿನ ಇದ್ದಕ್ಕಿದ್ದ ಹಾಗೆ ಇಪ್ಪತ್ತು ನಿಮಿಷ ಒಂದೇ ಸಮ ಓಟ. ಬೇರೆಯವರಿಗೆ ಉಸಿರಿನ ಪ್ರಶ್ನೆ. ನನಗೆ, ಎದೆ ಹೊಡೆದುಕೊಂಡಾಗ ತೊಂಬತ್ತು ಸೆಕೆಂಡಿನ ನಡಿಗೆ ಎಂಬ ಬಾಗಿಲು ಇಲ್ಲದಿರುವ ಪ್ರಶ್ನೆ. ಲಿಫ್ಟಿನ ಹಾಗೆಯೇ. ಅಷ್ಟರಲ್ಲಿ ಮೇ ಬಂದಿತ್ತು, ಕತ್ತರಿ ಬಿಸಿಲಿನ ದಿನಗಳು. ನಮ್ಮ ಗುಂಪು ತಿಂಗಳಿಗೊಂದು ಭಾನುವಾರ ಮರೀನಾಕ್ಕೆ ಹೋಗುತ್ತದೆ. ಅಲ್ಲಿಯೇ ಓಡುವುದೆಂದು ನಿಶ್ಚಯಿಸಿದೆ.

ಗಾಂಧಿ ಪ್ರತಿಮೆಯಿಂದ ಉತ್ತರಕ್ಕೆ, ನೇಪಿಯರ್ ಸೇತುವೆಯ ದಿಕ್ಕಿಗೆ. ಬಲಕ್ಕೆ ಮರಳು, ಸಮುದ್ರ, ಇನ್ನೂ ಹುಟ್ಟದ ಸೂರ್ಯ. ಎಡಕ್ಕೆ ಕಾಮರಾಜರ್ ಸಾಲೈ. ಮರೀನಾದ ಕಾಲುದಾರಿಯುದ್ದಕ್ಕೂ ತಮಿಳಿನ ದೊಡ್ಡವರು ಪ್ರತಿಮೆಗಳಾಗಿ ನಿಂತಿದ್ದಾರೆ, ಹಲವು 1968ರ ವಿಶ್ವ ತಮಿಳು ಸಮ್ಮೇಳನದ ಕಾಲದವು. ಅವ್ವೈಯಾರ್, ಭಾರತಿದಾಸನ್, ಕನ್ನಡವನ್ನೂ ತಮಿಳನ್ನೂ ಒಂದೇ ಮನೆಯ ಮಕ್ಕಳೆಂದು ವ್ಯಾಕರಣ ಬರೆದು ತೋರಿಸಿದ ಕಾಲ್ಡ್‌ವೆಲ್, ತಿರುಕ್ಕುರಳನ್ನು ಇಂಗ್ಲಿಷಿಗೆ ತಂದ ಪೋಪ್. ಈ ಪೋಪ್ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯನ್ನು ನಡೆಸಿದವರೂ ಹೌದು, ಆದ್ದರಿಂದ ಸ್ವಲ್ಪ ನಮ್ಮವರೇ. ಹೊಸ ಓಟಗಾರರಿಗೆ ಈ ಪ್ರತಿಮೆಗಳು ದೇವರು ಕೊಟ್ಟ ಮೈಲಿಗಲ್ಲು. ಮುಂದಿನವರ ತನಕ, ಅಷ್ಟೇ.

ಹತ್ತು ನಿಮಿಷ ಚೆನ್ನಾಗಿ ಕಳೆಯಿತು. ಕೈಯಲ್ಲಿ ಕಾಲಂದುಗೆ ಎತ್ತಿ ಹಿಡಿದ ಕಣ್ಣಗಿಯ ಹತ್ತಿರ ಬಂದಾಗ ಶುರುವಾಯಿತು. ಓಟದ ದಣಿವಲ್ಲ, ಅದು. ಬೆರಳು ಜುಮ್ಮೆಂದಿತು, ಗಂಟಲು ಬಿಗಿಯಿತು, ದೀಪದ ಕಂಬಗಳು ದೂರ ಸರಿದಂತೆ ಕಂಡವು. ಅಂಕ ಎಂಟು. ಹದಿಮೂರರ ಮಗ್ಗಿ ಆರರ ಹತ್ತಿರ ಕೈಕೊಟ್ಟಿತು. ನಿಂತುಬಿಡು ಎಂದು ಮೈಯೆಲ್ಲ ಕೂಗುತ್ತಿತ್ತು. ಅಣ್ಣ ಸ್ವಲ್ಪ ಹಿಂದೆ ಇದ್ದರು, ಅವರಿಗೆ ಏನೂ ಗೊತ್ತಿಲ್ಲ. ಎಂದಿನ ಹಾಗೆ "ಮೆದುವಾ" ಎಂದರು.

ವೇಗ ಇಳಿಸಿದೆ. ನಿಲ್ಲಿಸಲಿಲ್ಲ. ಯಾರಾದರೂ ನಡೆಯುತ್ತಿದ್ದರೂ ನನ್ನನ್ನು ದಾಟಿ ಹೋಗುತ್ತಿದ್ದರು, ಅಷ್ಟು ಮೆದುವಾಗಿ. ಬಾಯಿಂದ ಉಸಿರನ್ನು ಉದ್ದಕ್ಕೆ ಬಿಟ್ಟೆ. ಮತ್ತೆ ಎಂಟು. ಆಗ ಒಂದು ಸಂಗತಿ ಗಮನಕ್ಕೆ ಬಂತು. ಲಿಫ್ಟಿನಲ್ಲಿ ಎದೆ ಓಡುವಾಗ ನಾನು ನಿಂತಿರುತ್ತಿದ್ದೆ. ನಿಂತವಳ ಎದೆ ಯಾಕೆ ಓಡಬೇಕು ಎಂದು ಮನಸ್ಸು ಕಾರಣ ಹುಡುಕುತ್ತಿತ್ತು, ಸಿಗದೆ ಸಾವನ್ನೇ ಕಾರಣವೆಂದು ತಂದು ನಿಲ್ಲಿಸುತ್ತಿತ್ತು. ಇಲ್ಲಿ ಕಾಲು ಓಡುತ್ತಿದೆ, ಅದಕ್ಕೆ ಎದೆಯೂ ಓಡುತ್ತಿದೆ. ಅದರ ಕೆಲಸವೇ ಅದು. ಗಾಬರಿ ಬಂದು ಕೂತರೂ ಅದಕ್ಕೆ ಮಾಡಲು ಹೊಸದೇನೂ ಉಳಿದಿರಲಿಲ್ಲ, ಎದೆಯನ್ನು ಆಗಲೇ ನಾನು ಓಡಿಸುತ್ತಿದ್ದೆ. ಇದನ್ನು ಸಮಾಲೋಚಕಿ ಆರು ಸಲ ಹೇಳಿದ್ದರು. ಕಿವಿ ಕೇಳಿತ್ತು, ಕಾಲಿಗೆ ಗೊತ್ತಿರಲಿಲ್ಲ.

ಶ್ರಮಿಕರ ಪ್ರತಿಮೆಯ ಹತ್ತಿರ ಹದಿನೈದು ನಿಮಿಷ. ದೇವಿಪ್ರಸಾದ್ ರಾಯ್ ಚೌಧುರಿ ಮಾಡಿದ್ದು, ನಾಲ್ಕು ಜನ ಒಂದು ಬಂಡೆಯನ್ನು ಮೀಟಿ ಸರಿಸುತ್ತಿದ್ದಾರೆ, 1959ರಿಂದ ಸರಿಸುತ್ತಲೇ ಇದ್ದಾರೆ. ಅಂಕ ಆರು. ಎಂಜಿಆರ್ ಸಮಾಧಿಯ ಹತ್ತಿರ ಬರುವಾಗ ಫೋನು ಇಪ್ಪತ್ತಾಯಿತು ಎಂದಿತು. ಆಗ ಅಂಕ ಮೂರೋ ನಾಲ್ಕೋ, ಸರಿಯಾಗಿ ನೆನಪಿಲ್ಲ. ಮೊದಲ ಸಲ ನಾನು ಅಂಕ ಕೇಳಿಕೊಳ್ಳುವುದನ್ನೇ ಮರೆತಿದ್ದೆ. ಎರಡೂಕಾಲು ಕಿಲೋಮೀಟರ್ ಚಿಲ್ಲರೆ ಓಡಿದ್ದೆ. ಅಣ್ಣ ಬಂದು, "ಮುಖ ಯಾಕಿಷ್ಟು ಕೆಂಪು?" ಎಂದರು. ಅಳುತ್ತಿದ್ದೆ, ಆದರೆ ಚೆನ್ನೈಯ ಬೆವರಿನಲ್ಲಿ ಅದು ಯಾರಿಗೂ ಕಾಣುವುದಿಲ್ಲ.

ಇದನ್ನು ಓದಿ ಓಟ ಮಾತ್ರೆಗಿಂತ ಮೇಲು ಎಂದು ಯಾರೂ ವಾಟ್ಸ್ಆ್ಯಪ್‌ನಲ್ಲಿ ಹಂಚಬೇಡಿ. ನಾನು ಮಾತ್ರೆ ತೆಗೆದುಕೊಳ್ಳುತ್ತಲೇ ಓಡಿದ್ದು. ಈಗ ವೈದ್ಯೆ ಅದನ್ನು ಸ್ವಲ್ಪಸ್ವಲ್ಪವೇ ಇಳಿಸುತ್ತಿದ್ದಾರೆ, ಅವರು ಹೇಳಿದಾಗ, ಅವರು ಹೇಳಿದಷ್ಟೇ. ಹೊರಊರಿನಲ್ಲಿರುವ ನಮ್ಮಂಥವರಿಗೆ ಇನ್ನೊಂದು ತೊಡಕೂ ಇದೆ. ಎಷ್ಟೇ ತಮಿಳು, ಇಂಗ್ಲಿಷ್ ಬಂದರೂ 'ಜೀವ ಹಾರಿಹೋದ ಹಾಗಾಯ್ತು' ಅನ್ನುವುದನ್ನು ಕನ್ನಡದಲ್ಲೇ ಹೇಳಬೇಕು. ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಶುರುಮಾಡಿದ ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡವನ್ನೂ ಆರಿಸಿಕೊಳ್ಳಬಹುದು, ದುಡ್ಡು ಕೊಡಬೇಕಿಲ್ಲ. ಅದರ ಹಿಂದಿರುವುದು ನಿಮ್ಹಾನ್ಸ್, ನಾವು ಜೋಕಿಗೆ ಬಳಸುವ ಅದೇ ನಿಮ್ಹಾನ್ಸ್.

ಜುಲೈ ಕೊನೆಗೆ ಐದು ಕಿಲೋಮೀಟರ್ ನಿಲ್ಲದೆ ಓಡಿದೆ, ನಲವತ್ನಾಲ್ಕು ನಿಮಿಷ. ಆಫೀಸಿನ ಲಿಫ್ಟಿಗೆ ಅದಕ್ಕೂ ಮೊದಲೇ ಹತ್ತಿದ್ದೆ. ಉಳಿದಿದ್ದದ್ದು ರೈಲು. ಆಗಸ್ಟಿನಲ್ಲಿ ಬೃಂದಾವನ ಎಕ್ಸ್‌ಪ್ರೆಸ್‌ಗೆ ಒಂದೇ ಟಿಕೆಟ್ ಮಾಡಿಸಿದೆ, ಬೆಂಗಳೂರಿಗೆ ಹೋಗಿ ಅಲ್ಲಿಂದ ರಾತ್ರಿ ರೈಲಿಗೆ ಸಾಗರ. ಗಂಡ ಸೆಂಟ್ರಲ್ ನಿಲ್ದಾಣದವರೆಗೆ ಬಂದು, ಏನೂ ಹೇಳದೆ ನೀರಿನ ಬಾಟಲಿ ಕೈಗಿಟ್ಟು ಹೋದರು. ಕಾಟ್ಪಾಡಿಯವರೆಗೆ ಪುಸ್ತಕ ಓದಿದೆ. ಆಂಬೂರು ದಾಟಿ ಗುಡ್ಡಗಳು ಹತ್ತಿರ ಬಂದಾಗ ಎದೆ ಶುರುಹಚ್ಚಿಕೊಂಡಿತು. ಅಂಕ ಆರು. ಕಿಟಕಿಯ ಸರಳು ಹಿಡಿದು ಉಸಿರನ್ನು ಉದ್ದಕ್ಕೆ ಬಿಟ್ಟೆ. ಕಾಲು ಓಡದಿದ್ದರೂ ಎದೆ ಓಡಲಿ, ಕಣ್ಣಗಿಯ ಹತ್ತಿರ ಓಡಿದಷ್ಟೇ ತಾನೆ ಎಂದುಕೊಂಡೆ. ಮಗ್ಗಿ ಹಿಡಿದೆ. ಎದುರಿನ ಸೀಟಿನ ಪುಟ್ಟ ಹುಡುಗಿ ನನ್ನ ತುಟಿಯನ್ನೇ ನೋಡುತ್ತ ತಾನೂ ತುಟಿ ಆಡಿಸತೊಡಗಿದಳು. ಜೋಲಾರ್‌ಪೇಟೆಯಲ್ಲಿ ಐದು, ಕುಪ್ಪಂ ಹತ್ತಿರ ಮೂರು. ಬಂಗಾರಪೇಟೆಯಲ್ಲಿ ಡಬ್ಬಿ ತೆರೆದು ಮೊಸರನ್ನ ತಿಂದೆ. ಆ ಹುಡುಗಿಗೆ ಮಾವಿನಮಿಡಿ ಉಪ್ಪಿನಕಾಯಿ ಬೇಕಾಯಿತು, ಕೊಟ್ಟೆ.